ಅಕ್ಷರಕ್ಕೆ ಮೊದಲಿನ ತೆಕ್ಕಲಕೋಟೆ



ಬಳ್ಳಾರಿ ಸೀಮೆಯ ಪೂರ್ವಚರಿತ್ರೆಯನ್ನು ಕುರಿತು ನಾಲ್ಕು ಮಾತು ಹೇಳಬೇಕೆಂದು ಅಪ್ಪಣೆಯಾದಾಗ, ಹೇಳುವವನ ಮನಸ್ಸು ಸಹಜವಾಗಿಯೇ ಶಾಸನಗಳ ಕಡೆಗೆ ಹರಿಯುತ್ತದೆ. ಹನ್ನೆರಡನೆಯ ಶತಮಾನದಲ್ಲಿ ಕುರುಗೋಡನ್ನು ಆಳಿದ ಸಿಂದರ ಕಾಲದ ದೇವಾಲಯಗಳೂ ದಾನಶಾಸನಗಳೂ ಕಣ್ಣೆದುರಿಗಿವೆ. ಅದಕ್ಕೂ ಹದಿನಾಲ್ಕು ಶತಮಾನಗಳ ಹಿಂದಕ್ಕೆ ಹೋದರೆ, ಸಿರುಗುಪ್ಪ ಸೀಮೆಯ ನಿಟ್ಟೂರು ಮತ್ತು ಉದೇಗೊಳದ ಬಂಡೆಗಳ ಮೇಲೆ ಅಶೋಕ ಚಕ್ರವರ್ತಿಯ ಧರ್ಮಲಿಪಿಯಿದೆ. ಅನ್ಯತ್ರ ‘ದೇವಾನಾಂಪ್ರಿಯ’ ಮೊದಲಾದ ಬಿರುದುಗಳಿಂದಲೇ ತನ್ನನ್ನು ಕರೆದುಕೊಂಡ ಆ ಮಹಾರಾಜನು ತನ್ನ ಸ್ವಂತ ಹೆಸರನ್ನು ನುಡಿದಿರುವ ಶಾಸನಗಳು ಭಾರತದಲ್ಲೆಲ್ಲ ಕೆಲವೇ ಕೆಲವು. ಅವುಗಳಲ್ಲಿ ಮಸ್ಕಿಯ ಬಂಡೆಯೊಡನೆ ಈ ಎರಡೂ ಸೇರುತ್ತವೆಯೆಂಬುದು ಈ ನೆಲದವರಿಗೆ ಹೆಮ್ಮೆಯ ಸಂಗತಿಯೇ ಸರಿ. ಇಷ್ಟೆಲ್ಲ ಅಕ್ಷರಸಂಪತ್ತು ಕೈಗೆಟುಕುವಂತಿರುವಾಗ ನಾನು ಇಂದು ಒಂದಕ್ಷರವನ್ನೂ ಬರೆಯದೆ ಹೋದವರನ್ನು ಕುರಿತು, ಎಂದರೆ ಅಶೋಕನ ಲಿಪಿಕಾರನು ನಿಟ್ಟೂರಿನ ಬಂಡೆಯ ಮೇಲೆ ಉಳಿಯಿಡುವುದಕ್ಕೆ ಸಾವಿರದ ನಾನೂರು ವರ್ಷಗಳಿಗೂ ಮೊದಲೇ ತೆಕ್ಕಲಕೋಟೆಯ ಬೆಟ್ಟದ ಮೇಲೆ ಮನೆಮಾಡಿ ಬಾಳಿದವರನ್ನು ಕುರಿತು ಮಾತನಾಡಲು ಉದ್ದೇಶಿಸಿರುವುದಕ್ಕೆ ಕಾರಣವನ್ನು ಮೊದಲೇ ನಿವೇದಿಸುತ್ತೇನೆ.

ಶಾಸನವು ಮುಂದೆ ಓದುವವರುಂಟೆಂಬ ಭರವಸೆಯಿಂದ ಬರೆಯಿಸಿದ ಮಾತು. ಅದರಲ್ಲಿ ದಾನಿಯ ಹೆಸರುಂಟು, ರಾಜನ ವಂಶಾವಳಿಯುಂಟು, ಭೂಮಿಯ ಚತುಸ್ಸೀಮೆಯುಂಟು, ಕೊಟ್ಟುದನ್ನು ಅಳಿದವರಿಗೆ ಶಾಪವುಂಟು. ಆ ಭೂಮಿಯನ್ನು ಉತ್ತವನು ಬೆಳಗಿನ ಹೊತ್ತು ಏನು ಉಂಡನು, ಅವನ ಹೆಂಡತಿ ಯಾವ ಕಲ್ಲಿನ ಮೇಲೆ ಕಾಳು ಅರೆದಳು, ಸತ್ತ ಕೂಸನ್ನು ಅವರು ಎಲ್ಲಿ ಮಲಗಿಸಿದರು ಎಂಬ ಸಂಗತಿ ಮಾತ್ರ ಅಲ್ಲಿ ಬರುವುದಿಲ್ಲ. ಬರೆಯಿಸುವ ಶಕ್ತಿಯುಳ್ಳವರಿಗೆ ಅದು ಬರೆಯಿಸತಕ್ಕ ಸಂಗತಿಯೆಂದು ತೋರಲಿಲ್ಲ. ಹೀಗೆ ಯಾರೂ ಬರೆದಿಡದ ಬಾಳಿನ ದಾಖಲೆ ಉಳಿದಿರುವುದು ನೆಲದೊಳಗೆ ಮಾತ್ರ. ಒಡೆದ ಮಡಕೆಯಲ್ಲಿ, ಸುಟ್ಟ ಕಾಳಿನಲ್ಲಿ, ಕಂಬ ನೆಟ್ಟ ಕುಣಿಯಲ್ಲಿ, ಎಲುಬಿನ ಮೇಲಣ ಕಚ್ಚಿನಲ್ಲಿ. ಆ ದಾಖಲೆಯನ್ನು ಓದುವ ವಿದ್ಯೆಯ ಮೂಲಸೂತ್ರ ಒಂದೇ. ವಸ್ತುವೊಂದು ಬಿದ್ದಿದ್ದ ಎಡೆ, ಅದು ಸೇರಿದ್ದ ಪದರ, ಅದರ ಮಗ್ಗುಲಲ್ಲಿದ್ದ ಇನ್ನೊಂದು ವಸ್ತು, ಇವು ಗೊತ್ತಿದ್ದರೆ ಮಾತ್ರ ಅದು ಸಾಕ್ಷಿಯಾಗುತ್ತದೆ. ಎಡೆಯಿಂದ ಕಿತ್ತು ತಂದ ವಸ್ತು ಎಷ್ಟೇ ಸುಂದರವಾಗಿದ್ದರೂ ಮೂಕವೇ. ಈ ಮಾತನ್ನು ಸ್ಥಾಪಿಸುವುದಕ್ಕೆ ತೆಕ್ಕಲಕೋಟೆಗಿಂತ ಉತ್ತಮವಾದ ನಿದರ್ಶನವನ್ನು ನಾನು ಕಾಣೆ.

ಬಳ್ಳಾರಿಯಿಂದ ಸಿರುಗುಪ್ಪಕ್ಕೆ ಹೋಗುವ ದಾರಿಯಲ್ಲಿ ತೆಕ್ಕಲಕೋಟೆಯನ್ನು ಹಾದುಹೋಗದವರು ಈ ಸಭೆಯಲ್ಲಿ ಇರಲಾರರು. 1953ರಲ್ಲಿ ತುಂಗಭದ್ರೆಗೆ ಅಣೆಕಟ್ಟೆ ಮುಗಿದು ಕಾಲುವೆಯ ನೀರು ಹರಿದ ಮೇಲೆ, ಜೋಳ ಹತ್ತಿ ಬೆಳೆಯುತ್ತಿದ್ದ ಎರೆಹೊಲಗಳು ಭತ್ತದ ಗದ್ದೆಗಳಾದುವು. ಆ ಹಸುರಿನ ನಡುವೆ ಒಮ್ಮೆಲೇ ಎದ್ದುನಿಂತ ಬೋಳುಬೆಟ್ಟಗಳು ಮಾತ್ರ ಅಂದಿನಂತೆಯೇ ಇವೆ. ಬಿಸಿಲು ಮಳೆಗಳ ಹೊಡೆತಕ್ಕೆ ಸಿಕ್ಕಿ ಲಕ್ಷಾಂತರ ವರ್ಷಗಳಲ್ಲಿ ಬಿರಿದು, ಅಂಚು ಸವೆದು, ಒಂದರ ಮೇಲೊಂದು ಕುಳಿತ ಗುಂಡುಬಂಡೆಗಳ ರಾಶಿ ಅದು. ದೂರದಿಂದ ನೋಡುವವರಿಗೆ ಅಲ್ಲಿ ಮನುಷ್ಯವಾಸ ಸಾಧ್ಯವೇ ಎಂಬ ಶಂಕೆ ಬರುವುದು ಸಹಜ. ಹತ್ತಿ ನೋಡಿದವರಿಗೆ ಬೇರೆಯ ನೋಟ ದೊರೆಯುತ್ತದೆ. ಬಂಡೆಗಳ ನಡುನಡುವೆ ಮಣ್ಣು ನಿಂತ ಚಿಕ್ಕ ಚಿಕ್ಕ ಬಯಲುಗಳಿವೆ, ಗಾಳಿಯನ್ನು ತಡೆಯುವ ಗೋಡೆಗಳಂತಹ ಬಂಡೆಗಳಿವೆ, ಮಳೆಯ ನೀರು ನಿಲ್ಲುವ ದೊಣೆಗಳಿವೆ. ಮೇಲೆ ನಿಂತು ನೋಡಿದರೆ ದನ ಮೇಯುವ ಬಯಲೆಲ್ಲ ಕಣ್ಣಳತೆಯಲ್ಲಿಯೇ ಇದೆ. ಇಲ್ಲಿ ನೆಲೆಸಿದವರು ಬೇರೆಡೆ ಗತಿಯಿಲ್ಲದೆ ಬೆಟ್ಟ ಹತ್ತಿದವರಲ್ಲ, ಸ್ಥಳವನ್ನು ತೂಗಿನೋಡಿ ಆರಿಸಿಕೊಂಡವರು ಎಂದು ನನ್ನ ದೃಢವಾದ ಅಭಿಪ್ರಾಯ.

1963ರಿಂದ 1965ರವರೆಗೆ ಇಲ್ಲಿ ಉತ್ಖನನ ನಡೆಸಿದವರು ಡಾ. ಎಂ. ಎಸ್. ನಾಗರಾಜರಾವ್ ಅವರು, ದೊರೆತ ಮಾನವಾಸ್ಥಿಗಳ ಪರಿಶೀಲನೆಯಲ್ಲಿ ಅವರಿಗೆ ನೆರವಾದವರು ಮಾನವಶಾಸ್ತ್ರಜ್ಞರಾದ ಕೆ. ಸಿ. ಮಲ್ಹೋತ್ರ ಅವರು. ಇಬ್ಬರೂ ಕೂಡಿ ಬರೆದ, ತೆಕ್ಕಲಕೋಟೆಯ ಶಿಲಾಯುಗದ ಗಿರಿವಾಸಿಗಳನ್ನು ಕುರಿತ ಗ್ರಂಥವು 1965ರಲ್ಲಿ ಪುಣೆಯ ಡೆಕ್ಕನ್ ಕಾಲೇಜಿನಿಂದ ಪ್ರಕಟವಾಯಿತು. ಮುಂದೆ ಕರ್ನಾಟಕದ ಪುರಾತತ್ತ್ವ ಇಲಾಖೆಯ ನಿರ್ದೇಶಕರಾಗಿ ಹಂಪೆಯ ಉತ್ಖನನಗಳಿಗೆ ಚಾಲನೆ ಕೊಟ್ಟು, ಅನಂತರ ಭಾರತೀಯ ಪುರಾತತ್ತ್ವ ಸರ್ವೇಕ್ಷಣ ಇಲಾಖೆಯ ಮಹಾನಿರ್ದೇಶಕರೂ ಆದ ನಾಗರಾಜರಾಯರು, ವಿಜಯನಗರದಂತಹ ಮಹಾಪಟ್ಟಣದ ಅರಮನೆಗಳ ಬುನಾದಿಯನ್ನು ಬಿಡಿಸುವುದಕ್ಕೆ ಎಷ್ಟೋ ಮುಂಚೆ ಈ ಹೆಸರಿಲ್ಲದ ಬೆಟ್ಟದ ಗುಡಿಸಲುಗಳ ನೆಲವನ್ನು ಅಷ್ಟೇ ಶ್ರದ್ಧೆಯಿಂದ ಬಿಡಿಸಿದ್ದರೆಂಬುದನ್ನು ನಾವು ಮರೆಯಬಾರದು.

ಕಾಲನಿರ್ಣಯದ ವಿಷಯವನ್ನು ಇಲ್ಲಿಯೇ ಹೇಳಿಬಿಡುವುದು ಲೇಸು. ತೆಕ್ಕಲಕೋಟೆಯಲ್ಲಿ ದೊರೆತಂತಹ ಕಲ್ಲುಗೊಡಲಿಗಳು ಈ ಜಿಲ್ಲೆಯಲ್ಲಿ ಮೊದಲು ವಿದ್ವಾಂಸರ ಕಣ್ಣಿಗೆ ಬಿದ್ದುದು ಭೂವಿಜ್ಞಾನಿ ರಾಬರ್ಟ್ ಬ್ರೂಸ್ ಫೂಟ್ ಅವರ ದೆಸೆಯಿಂದ. ಬಳ್ಳಾರಿ ಜಿಲ್ಲೆಯ ಶಿಲೆಗಳನ್ನು ಅಳೆಯುತ್ತ ಊರೂರು ಅಲೆದ ಆ ಮಹಾನುಭಾವರು ಸಂಗನಕಲ್ಲು, ಕುಪ್ಪಗಲ್ಲುಗಳ ಬೆಟ್ಟಗಳಲ್ಲಿ ರಾಶಿರಾಶಿ ಕಲ್ಲಿನ ಆಯುಧಗಳನ್ನು ಕಂಡು, ಇದು ಪ್ರಾಚೀನರ ಕೊಡಲಿ ತಯಾರಿಸುವ ಕಾರ್ಖಾನೆಯೆಂದು ಗುರುತಿಸಿದರು. ಆದರೆ ಎಷ್ಟು ಪ್ರಾಚೀನ? 1947ರಲ್ಲಿ ಮಾರ್ಟಿಮರ್ ವ್ಹೀಲರ್ ಅವರು ಚಿತ್ರದುರ್ಗ ಜಿಲ್ಲೆಯ ಬ್ರಹ್ಮಗಿರಿಯಲ್ಲಿ ಪದರ ಪದರವಾಗಿ ಅಗೆದು, ಕೆಳಗೆ ಕಲ್ಲುಗೊಡಲಿಯವರು, ಅವರ ಮೇಲೆ ಬೃಹತ್ ಶಿಲಾಸಮಾಧಿಯವರು, ಅವರ ಮೇಲೆ ಶಾತವಾಹನರ ಕಾಲದವರು ಎಂಬ ಅನುಕ್ರಮವನ್ನು ಮೊದಲ ಬಾರಿಗೆ ನಿಸ್ಸಂದಿಗ್ಧವಾಗಿ ತೋರಿಸಿದರು. ವರ್ಷಗಳ ಲೆಕ್ಕಕ್ಕೆ ಮಾತ್ರ ಆಗ ಸಾಧನವಿರಲಿಲ್ಲವಾಗಿ, ಕಲ್ಲುಗೊಡಲಿಯವರನ್ನು ಕ್ರಿಸ್ತಪೂರ್ವ ಮೊದಲ ಸಹಸ್ರಮಾನದಲ್ಲಿಯೇ ನಿಲ್ಲಿಸಿದರು. ವಿಲ್ಲರ್ಡ್ ಲಿಬ್ಬಿಯವರು 1949ರ ವೇಳೆಗೆ ರೂಪಿಸಿದ ಇಂಗಾಲದ ಕಾಲಮಾಪನವಿಧಾನವು ಬಂದ ಮೇಲೆ ಈ ಲೆಕ್ಕ ತಲೆಕೆಳಗಾಯಿತು. ಮರವು ಬದುಕಿರುವಷ್ಟು ಕಾಲ ವಾಯುವಿನಿಂದ ಹೀರಿಕೊಂಡ ವಿಕಿರಣಶೀಲ ಇಂಗಾಲವು, ಅದು ಸತ್ತ ಮೇಲೆ ಸುಮಾರು 5730 ವರ್ಷಗಳಿಗೊಮ್ಮೆ ಅರ್ಧಕ್ಕೆ ಇಳಿಯುತ್ತ ಬರುವುದರಿಂದ, ಒಲೆಯ ಬೂದಿಯಲ್ಲಿ ಉಳಿದ ಇದ್ದಿಲಿನ ಚೂರೇ ತನ್ನ ವಯಸ್ಸನ್ನು ಹೇಳುತ್ತದೆ. ತೆಕ್ಕಲಕೋಟೆಯ ಇದ್ದಿಲನ್ನು ಟಾಟಾ ಮೂಲಭೂತ ಸಂಶೋಧನಾ ಸಂಸ್ಥೆಯಲ್ಲಿ ಪರೀಕ್ಷಿಸಿದಾಗ ಇಲ್ಲಿನ ವಸತಿಯು ಕ್ರಿ.ಪೂ. ಎರಡನೆಯ ಸಹಸ್ರಮಾನದ ಪೂರ್ವಾರ್ಧಕ್ಕೆ, ಸ್ಥೂಲವಾಗಿ 1700ರ ಆಸುಪಾಸಿಗೆ ಹೋಗುವುದು ಕಂಡುಬಂದಿತು. ಕೈಯಿಂದ ಹಿಡಿದರೆ ಪುಡಿಯಾಗುವ ಒಂದು ಇದ್ದಿಲ ಚೂರು, ಇರುವ ಎಡೆಯಲ್ಲಿಯೇ ಎಚ್ಚರದಿಂದ ಎತ್ತಲ್ಪಟ್ಟಿದ್ದರಿಂದ, ಮಹಾವಿದ್ವಾಂಸರೊಬ್ಬರ ಲೆಕ್ಕವನ್ನು ತಿದ್ದಲು ಸಮರ್ಥವಾಯಿತು.

ಇನ್ನು ಅವರ ಮನೆಗಳು. ಬಂಡೆಗಳ ನಡುವಣ ಸಮನಾದ ಎಡೆಯನ್ನು ಆರಿಸಿ, ಹಳ್ಳವಿದ್ದ ಕಡೆ ಕಲ್ಲು ತುಂಬಿ, ಮೇಲೆ ಗರಸನ್ನು ಹಾಸಿ ಬಡಿದು ನೆಲ ಮಾಡಿದರು. ಸುತ್ತಲೂ ವರ್ತುಲಾಕಾರವಾಗಿ ಗೂಟಗಳನ್ನು ನೆಟ್ಟು, ತಟ್ಟಿ ಹೆಣೆದು, ಅದಕ್ಕೆ ಮಣ್ಣು ಮೆತ್ತಿದರು. ದೊಡ್ಡ ಬಂಡೆಯೊಂದು ಮಗ್ಗುಲಲ್ಲಿದ್ದರೆ ಅದನ್ನೇ ಒಂದು ಗೋಡೆಯನ್ನಾಗಿ ಬಳಸಿಕೊಂಡರು. ಗೂಟಗಳು ಎಂದೋ ಗೆದ್ದಲಿನ ಪಾಲಾದುವು, ತಟ್ಟಿ ಮಣ್ಣಾಯಿತು. ಆದರೆ ಗೂಟ ನೆಟ್ಟಿದ್ದ ಕುಣಿಯಲ್ಲಿ ತುಂಬಿದ ಮಣ್ಣು ಸುತ್ತಲಿನ ಗಟ್ಟಿನೆಲಕ್ಕಿಂತ ಸಡಿಲವಾಗಿಯೂ ಬಣ್ಣದಲ್ಲಿ ಬೇರೆಯಾಗಿಯೂ ಇರುವುದರಿಂದ, ಕುಂಚದಿಂದ ಮೆಲ್ಲನೆ ಉಜ್ಜಿದಾಗ ಒಂದೊಂದೇ ವೃತ್ತವಾಗಿ ಕಾಣಿಸಿಕೊಂಡು, ಮನೆಯ ಸುತ್ತಳತೆಯನ್ನೂ ಬಾಗಿಲಿನ ಎಡೆಯನ್ನೂ ತಾನೇ ಬರೆದುತೋರಿಸುತ್ತದೆ. ಇಲ್ಲಿ ಸಾಕ್ಷಿ ಹೇಳುತ್ತಿರುವುದು ವಸ್ತು ಕೂಡ ಅಲ್ಲ, ವಸ್ತುವಿದ್ದ ತೆರಪು. ಗುದ್ದಲಿಯಿಂದ ಒಂದೇಟಿಗೆ ಅಗೆದು ಹಾಕುವವನಿಗೆ ಈ ಮನೆ ಎಂದಿಗೂ ಕಾಣದು.

ನಾಗರಾಜರಾಯರು ಉತ್ಖನನದ ಕಾಲದಲ್ಲಿ ಇನ್ನೊಂದು ಕೆಲಸವನ್ನೂ ಮಾಡಿದರು. ತೆಕ್ಕಲಕೋಟೆಯ ಬೋಯ ಸಮುದಾಯದವರ ಬದುಕನ್ನು ಹತ್ತಿರದಿಂದ ನೋಡಿ, ಕಲ್ಲುಗೊಡಲಿಯವರ ಕಾಲವಾದ ನವಶಿಲಾಯುಗದ ಕೆಲವು ಅಂಶಗಳು ಅವರಲ್ಲಿ ಉಳಿದುಬಂದಿರುವುದನ್ನು ಕುರಿತು 1965ರಲ್ಲಿ ಪ್ರತ್ಯೇಕವಾದ ಲೇಖನವನ್ನು ಬರೆದರು. ಈ ಬಗೆಯ ಹೋಲಿಕೆಯಲ್ಲಿ ಪ್ರಯೋಜನವೂ ಉಂಟು, ಅಪಾಯವೂ ಉಂಟು. ಮಣ್ಣಿನಲ್ಲಿ ಕಂಡ ಕುಣಿಗಳ ವೃತ್ತವು ಯಾವ ರೀತಿಯ ಗುಡಿಸಲಾಗಿರಬಹುದೆಂಬುದನ್ನು ಅದೇ ಗಾಳಿಯಲ್ಲಿ, ಅದೇ ಬಿಸಿಲಿನಲ್ಲಿ ಮನೆ ಕಟ್ಟಿಕೊಂಡಿರುವವರನ್ನು ನೋಡಿ ತಿಳಿಯುವುದು ಪ್ರಯೋಜನ. ಇಂದಿನ ಜನರನ್ನು ಶಿಲಾಯುಗದ ಪಳೆಯುಳಿಕೆಗಳೆಂದು ಭಾವಿಸುವುದು ಅಪಾಯ. ಅವರು ನಮ್ಮಂತೆಯೇ ಈ ಕಾಲದವರು. ಅವರ ಕೈಯಲ್ಲಿ ಉಳಿದಿರುವುದು ಈ ನೆಲದಲ್ಲಿ ಬಾಳುವುದನ್ನು ಕುರಿತು ತಲೆಮಾರುಗಳು ಕೂಡಿಟ್ಟ ತಿಳಿವಳಿಕೆ. ಪ್ರಾಚೀನರನ್ನು ಬಲ್ಲವರೆಂದು ಹೆಸರಾದ ನಾವು ಅವರ ಬಳಿಗೆ ಶಿಷ್ಯರಾಗಿ ಹೋಗತಕ್ಕದ್ದೇ ಹೊರತು ಪರೀಕ್ಷಕರಾಗಿ ಅಲ್ಲ.

ಇಲ್ಲಿ ದೊರೆತ ಪರಿಕರಗಳಲ್ಲಿ ಕಲ್ಲುಗೊಡಲಿಯನ್ನು ಸ್ವಲ್ಪ ವಿಸ್ತಾರವಾಗಿ ನೋಡೋಣ. ಅಂಗೈಯಲ್ಲಿ ಹಿಡಿಸುವಷ್ಟು, ಒಂದು ತುದಿ ಅಗಲವಾಗಿ ಇನ್ನೊಂದು ತುದಿ ಕಿರಿದಾಗಿ ತ್ರಿಕೋನಾಕಾರವಾಗಿರುವ ಕರಿಯ ಕಲ್ಲು ಅದು. ಬೆಟ್ಟವೆಲ್ಲ ಬಿಳಿಗೆಂಪಿನ ಕಣಶಿಲೆಯಾದರೂ, ಅದರ ಬಿರುಕುಗಳಲ್ಲಿ ಕರಿಯ ಡಾಲರೈಟ್ ಶಿಲೆಯು ಪಟ್ಟಿಯಂತೆ ಹಾದುಹೋಗಿರುವ ಕಡೆಗಳುಂಟು; ಕೊಡಲಿಗೆ ಬೇಕಾದುದು ಈ ಕರಿಕಲ್ಲು. ಮೊದಲು ದೊಡ್ಡ ತುಂಡನ್ನು ಕೆತ್ತಿ ಆಕಾರಕ್ಕೆ ತಂದು, ಅನಂತರ ಇನ್ನೊಂದು ಕಲ್ಲಿನಿಂದ ಕುಟ್ಟಿ ಕುಟ್ಟಿ ಮೈಯ ಏರುತಗ್ಗನ್ನು ಕಳೆದು, ಕೊನೆಗೆ ನೀರು ಹಾಕಿ ಬಂಡೆಯ ಮೇಲೆ ಉಜ್ಜಿ ಅಲಗನ್ನು ಮಸೆಯುತ್ತಿದ್ದರು. ಹೀಗೆ ಉಜ್ಜಿ ಉಜ್ಜಿ ಸವೆದ ತಗ್ಗುಗಳು ಸಂಗನಕಲ್ಲಿನ ಬಂಡೆಗಳ ಮೇಲೆ ಇಂದಿಗೂ ನುಣ್ಣಗೆ ಉಳಿದಿವೆ. ಅಂಗೈ ಇಟ್ಟವರಿಗೆ ಆ ಬಂಡೆಯ ಉಳಿದ ಮೈಯ ಒರಟುತನಕ್ಕೂ ಆ ತಗ್ಗಿನ ನಯಕ್ಕೂ ಇರುವ ಅಂತರವೇ ಅಲ್ಲಿ ನಡೆದ ದುಡಿಮೆಯ ಪ್ರಮಾಣವನ್ನು ತಿಳಿಸುತ್ತದೆ. 1946ರ ಸುಮಾರಿಗೆ ಅಲ್ಲಿ ಉತ್ಖನನ ಮಾಡಿದ ಬಿ. ಸುಬ್ಬರಾವ್ ಅವರೂ, 1964-65ರಲ್ಲಿ ಅನ್ಸಾರಿ ಮತ್ತು ನಾಗರಾಜರಾಯರೂ, ಈಚಿನ ದಶಕಗಳಲ್ಲಿ ರವಿ ಕೋರಿಶೆಟ್ಟರ್ ಮತ್ತು ಅವರ ಜೊತೆಗಾರರೂ ನಡೆಸಿದ ಶೋಧನೆಗಳನ್ನು ಒಟ್ಟಿಗೆ ನೋಡಿದರೆ, ಒಂದೆಡೆ ಮನೆಬಳಕೆಗೆಂದು ಆರಂಭವಾದ ಈ ಕಸುಬು ಕ್ರಮೇಣ ನೆರೆಯೂರುಗಳಿಗೂ ಒದಗುವಷ್ಟು ದೊಡ್ಡದಾಗಿ ಬೆಳೆಯಿತೆಂದು ತಿಳಿಯುತ್ತದೆ. ಆದಕಾರಣ ಕಲ್ಲುಗೊಡಲಿಯನ್ನು ಕಂಡೊಡನೆ ಇದು ಕಾಡುಜನರ ಒರಟು ಆಯುಧವೆಂದು ಹೇಳುವುದು ಅನ್ಯಾಯ. ಯಾವ ಕಲ್ಲು ಬಿರಿಯದೆ ಪೆಟ್ಟು ತಡೆಯುತ್ತದೆ, ಎಷ್ಟು ಓರೆಯಾಗಿ ಹೊಡೆದರೆ ಎಷ್ಟು ಚಕ್ಕೆ ಏಳುತ್ತದೆ ಎಂಬುದನ್ನು ಕೈಯೇ ಬಲ್ಲ ಕುಶಲಿಗಳ ಸೃಷ್ಟಿ ಅದು.

ಆಹಾರದ ವಿಷಯದಲ್ಲಿ ತೆಕ್ಕಲಕೋಟೆಯು ಕೊಟ್ಟ ಸಾಕ್ಷ್ಯ ಇದಕ್ಕಿಂತಲೂ ಹೃದ್ಯವಾದುದು. ಅಲ್ಲಿ ಸಿಕ್ಕಿದ ಕಾಳು ಹುರುಳಿ. ಒಲೆಯ ಬಳಿ ಚೆಲ್ಲಿ, ಬೆಂಕಿಯ ಝಳಕ್ಕೆ ಕರಿದಾಗಿ, ಕರಿದಾದುದರಿಂದಲೇ ಹುಳು ಮುಟ್ಟದೆ, ಮೂರೂವರೆ ಸಾವಿರ ವರ್ಷಕ್ಕೂ ಮಿಕ್ಕಿ ಉಳಿದ ಹುರುಳಿ. ಇಂದಿಗೂ ಈ ಸೀಮೆಯಲ್ಲಿ ಮಳೆ ಕೈಕೊಟ್ಟ ವರ್ಷ ಬಡವನ ಹೊಲದಲ್ಲಿ ಏನಾದರೂ ನಿಲ್ಲುವುದಿದ್ದರೆ ಅದು ಹುರುಳಿಯೇ. ದುಡಿಯುವ ಎತ್ತಿಗೆ ಬೇಯಿಸಿ ಹಾಕುವುದೂ ಅದನ್ನೇ, ಅದರ ಕಟ್ಟಿನಿಂದ ಸಾರು ಮಾಡಿ ಮನೆಮಂದಿ ಉಣ್ಣುವುದೂ ಅದನ್ನೇ. ಸಂಗನಕಲ್ಲು ಮೊದಲಾದ ಕಡೆ ಡೋರಿಯನ್ ಫುಲ್ಲರ್, ಕೋರಿಶೆಟ್ಟರ್ ಮುಂತಾದವರು ಅಗೆದ ಮಣ್ಣನ್ನು ನೀರಿನಲ್ಲಿ ಕಲಕಿ, ತೇಲಿ ಬಂದ ಸುಟ್ಟ ಕಾಳುಗಳನ್ನು ಸೋಸಿ ತೆಗೆದು ಪರೀಕ್ಷಿಸಿದಾಗ, ಹುರುಳಿಯ ಜೊತೆಗೆ ಹೆಸರು, ಕೊರಲೆ ಮತ್ತು ಇನ್ನೊಂದು ಕಿರುಧಾನ್ಯ, ಈ ನಾಲ್ಕೇ ಅಂದಿನ ಒಕ್ಕಲುತನದ ಆಧಾರವೆಂದು ಸಿದ್ಧವಾಯಿತು. ಇವೆಲ್ಲವೂ ಈ ದಖನ್ನಿನ ಮಣ್ಣಿನವೇ. ಹೊರಗಿನಿಂದ ಬಂದ ಗೋಧಿ ಜವೆಗೋಧಿಗಳು ಆಮೇಲಿನ ಅತಿಥಿಗಳು. ಕೃಷಿಯನ್ನು ನಮಗೆ ಇನ್ನಾರೋ ಕಲಿಸಿದರೆಂದು ಬಹುಕಾಲ ಹೇಳುತ್ತ ಬಂದುದನ್ನು ಈ ಸಣ್ಣ ಕಾಳುಗಳು ನಿಲ್ಲಿಸಿದುವು. ಹಾಗೆಂದು ಕಾಳಿನ ಸಾಕ್ಷ್ಯವನ್ನು ಅವಸರದಿಂದ ಓದಲೂಬಾರದು. ತುಂಗಭದ್ರೆಯ ದಡದ ಹಳ್ಳೂರಿನಲ್ಲಿ ಅದೇ ನವಶಿಲಾಯುಗದ ಪದರದಿಂದ ರಾಗಿ ದೊರೆಯಿತೆಂದು ಮೊದಲು ವರದಿಯಾಗಿ, ರಾಗಿಯ ಪ್ರಾಚೀನತೆಯನ್ನು ಕುರಿತು ಎಷ್ಟೋ ಬರೆಹಗಳು ಅದನ್ನು ಆಧರಿಸಿ ಹುಟ್ಟಿದುವು; ಅನಂತರದ ಪರಿಶೀಲಕರು ಆ ಕಾಳು ರಾಗಿಯೇ ಅಹುದೇ ಎಂದು ಶಂಕಿಸಿದ್ದಾರೆ. ಒಂದು ಶಾಸನದ ಪಾಠಾಂತರವನ್ನು ಕುರಿತು ವಿದ್ವಾಂಸರು ವಾದಿಸುವಷ್ಟೇ ಗಂಭೀರವಾಗಿ ಒಂದು ಕಾಳಿನ ಸಿಪ್ಪೆಯನ್ನು ಕುರಿತು ವಾದಿಸುವ ಈ ಶಾಸ್ತ್ರದಲ್ಲಿ ನನಗೆ ಅಪಾರವಾದ ಗೌರವವಿದೆ.

ಕಾಳಿಗಿಂತ ಹೆಚ್ಚಾಗಿ ಅವರ ಬಾಳನ್ನು ಆಳಿದುದು ದನ. ತೆಕ್ಕಲಕೋಟೆಯಲ್ಲಿ ದೊರೆತ ಪ್ರಾಣಿಗಳ ಎಲುಬುಗಳಲ್ಲಿ ದನಗಳದೇ ಅಧಿಕ. ಕುರಿ ಆಡುಗಳದೂ ಉಂಟು. ನವಶಿಲಾಯುಗದ ನೆಲೆಗಳಲ್ಲಿ ಇಂತಹ ಎಲುಬುಗಳ ಮೇಲೆ ಕೊಯ್ದ ಗುರುತೂ ಸುಟ್ಟ ಗುರುತೂ ಇರುವುದರಿಂದ, ಅವರು ದನದ ಹಾಲನ್ನೂ ದುಡಿಮೆಯನ್ನೂ ಮಾತ್ರವಲ್ಲ, ಮಾಂಸವನ್ನೂ ಬಳಸುತ್ತಿದ್ದರೆಂಬುದು ಸ್ಪಷ್ಟ. ಈ ಸಂಗತಿಯನ್ನು ನಮ್ಮ ಇಂದಿನ ಇಷ್ಟಾನಿಷ್ಟಗಳಿಗೆ ತಕ್ಕಂತೆ ಮುಚ್ಚಿಡುವುದು ಸತ್ಯನಿಷ್ಠೆಗೆ ಸಲ್ಲದು. ಅದೇ ಜನ ಕುಪ್ಪಗಲ್ಲಿನ ಕರಿಬಂಡೆಗಳ ಮೇಲೆ ಇಣುಬಿದ್ದ, ಉದ್ದಕೊಂಬಿನ ಗೂಳಿಗಳನ್ನು ನೂರಾರು ಕಡೆ ಕುಟ್ಟಿ ಚಿತ್ರಿಸಿದ್ದಾರೆ. ಅಲ್ಲಿಯ ಕೆಲವು ಬಂಡೆಗಳ ತಗ್ಗುಗಳಿಗೆ ಕಲ್ಲಿನಿಂದ ತಟ್ಟಿದರೆ ಗಂಟೆಯಂತಹ ನಾದ ಹೊರಡುತ್ತದೆಂಬುದನ್ನು ನಿಮ್ಮಲ್ಲಿ ಅನೇಕರು ಸ್ವತಃ ಕೇಳಿರಬಹುದು. ದನವನ್ನು ಉಣ್ಣುವುದೂ ಬಂಡೆಯ ಮೇಲೆ ಚಿತ್ರಿಸುವುದೂ ಅವರಿಗೆ ಪರಸ್ಪರ ವಿರುದ್ಧವಾಗಿ ತೋರಿರಲಿಲ್ಲ.

ದನದ ಮಾತು ಬಂದಮೇಲೆ ಬಳ್ಳಾರಿ ಜಿಲ್ಲೆಯ ಬೂದಿದಿಬ್ಬಗಳನ್ನು ಕುರಿತು ಹೇಳದೆ ಮುಂದುವರಿಯಲಾಗದು. ಬಳ್ಳಾರಿಯಿಂದ ಹೊಸಪೇಟೆಗೆ ಹೋಗುವ ದಾರಿಯಲ್ಲಿ ಕುಡತಿನಿಯ ಬಳಿಯಿರುವ ಬೂದಿಗುಡ್ಡವನ್ನು ಹತ್ತೊಂಬತ್ತನೆಯ ಶತಮಾನದ ಪೂರ್ವಾರ್ಧದಲ್ಲಿಯೇ ಕ್ಯಾಪ್ಟನ್ ನ್ಯೂಬೋಲ್ಡ್ ಅವರು ಪರೀಕ್ಷಿಸಿದ್ದರು. ಭೀಮನು ಕೊಂದ ಹಿಡಿಂಬಾಸುರನನ್ನು ಸುಟ್ಟ ಬೂದಿ ಇದು ಎಂದು ಊರವರು ಅವರಿಗೆ ಹೇಳಿದರು. ಹಂಪೆಯ ಹತ್ತಿರದ ನಿಂಬಾಪುರದಲ್ಲಿ ಇಂತಹದೇ ದಿಬ್ಬವನ್ನು ವಾಲಿಯ ಚಿತೆಯೆಂದು ತೋರಿಸುತ್ತಾರೆ. ಇದು ಕುಲುಮೆಯ ಕಿಟ್ಟವೋ ಜ್ವಾಲಾಮುಖಿಯ ಬೂದಿಯೋ ಸಾಮೂಹಿಕ ಚಿತೆಯೋ ಎಂದು ವಿದ್ವಾಂಸರು ಒಂದು ಶತಮಾನಕ್ಕೂ ಹೆಚ್ಚು ಕಾಲ ಚರ್ಚಿಸಿದರು. 1957ರಲ್ಲಿ ಎಫ್. ಆರ್. ಆಲ್‌ಚಿನ್ ಅವರು ಉಟ್ನೂರಿನಲ್ಲಿ ಅಗೆದಾಗ ಬೂದಿಯ ಪದರಗಳ ಅಂಚಿನಲ್ಲಿ ಬೇಲಿಯ ಕಂಬಗಳ ಕುಣಿಗಳೂ, ಬೂದಿಯಲ್ಲಿ ಅಚ್ಚೊತ್ತಿದ ದನದ ಗೊರಸಿನ ಗುರುತುಗಳೂ ಕಾಣಿಸಿಕೊಂಡು, ದಿಬ್ಬವು ದನದ ದೊಡ್ಡಿಯಲ್ಲಿ ಶೇಖರವಾದ ಸಗಣಿಯನ್ನು ಮರಳಿ ಮರಳಿ ಸುಟ್ಟುದರಿಂದ ಆದುದೆಂದು ಸ್ಥಿರಪಟ್ಟಿತು. ಸಾವಿರಾರು ವರ್ಷಗಳ ಹಿಂದೆ ಒಂದು ಸಂಜೆ ಬಿಸಿಯಾರದ ಮೆತ್ತನೆಯ ಬೂದಿಯ ಮೇಲೆ ನಡೆದ ಹಸುವಿನ ಗೊರಸು ಅಳಿಯದೆ ಉಳಿದು, ವಿದ್ವಾಂಸರ ವಿವಾದವನ್ನು ತೀರ್ಮಾನಿಸಿತು. ಹಿಡಿಂಬನ ಕಥೆಯನ್ನು ಕಟ್ಟಿದವರನ್ನೂ ನಾನು ಹಳಿಯಲಾರೆ. ಈ ಬೂದಿ ಸಾಮಾನ್ಯ ಒಲೆಯದಲ್ಲ, ಯಾವುದೋ ಮಹತ್ತಾದ ಅಗ್ನಿಯದು ಎಂಬುದನ್ನು ಅವರು ಸರಿಯಾಗಿಯೇ ಕಂಡಿದ್ದರು. ಕಾರಣವನ್ನು ತಮಗೆ ತಿಳಿದ ಪುರಾಣದಲ್ಲಿ ಹುಡುಕಿದರು.

ಈಗ ಸಾವಿನ ವಿಷಯಕ್ಕೆ ಬರುತ್ತೇನೆ. ತೆಕ್ಕಲಕೋಟೆಯ ಗಿರಿವಾಸಿಗಳು ತಮ್ಮ ಸತ್ತವರನ್ನು ದೂರದ ಮಸಣಕ್ಕೆ ಒಯ್ಯಲಿಲ್ಲ. ತಾವು ವಾಸಿಸುವ ನೆಲೆಯಲ್ಲಿಯೇ, ಮನೆಗಳ ಮಗ್ಗುಲಲ್ಲಿಯೇ ಹೂಳಿದರು. ಬೆಳೆದವರನ್ನು ನೀಳವಾಗಿ ಮಲಗಿಸಿ ಬಳಿಯಲ್ಲಿ ಮಡಕೆಗಳನ್ನಿಟ್ಟುದುಂಟು. ಕೆಲವರ ಎಲುಬುಗಳಲ್ಲಿ ಕೆಲವನ್ನು ಮಾತ್ರ ಆರಿಸಿ ಹೂಳಿದುದುಂಟು. ಇಲ್ಲಿನ ವಸತಿಯ ಎರಡನೆಯ ಹಂತದಲ್ಲಿ ಹಲವು ಮಡಕೆಗಳನ್ನು ಸೇರಿಸಿ ಅವುಗಳೊಳಗೆ ದೇಹವನ್ನಿರಿಸುವ ಪದ್ಧತಿ ಬಂದಿತು. ಎಳೆಯ ಶಿಶುಗಳಿಗೆ ಮಾತ್ರ ಮೊದಲಿನಿಂದಲೂ ಒಂದೇ ಕ್ರಮ. ಮನೆಯಲ್ಲಿ ನೀರಿಗೋ ಕಾಳಿಗೋ ಬಳಸುತ್ತಿದ್ದಂತಹ ಬೂದುಬಣ್ಣದ ಮಡಕೆಯೊಳಗೆ ಕೂಸನ್ನು ಮುದುರಿಸಿಟ್ಟು ನೆಲದಡಿಯಲ್ಲಿ ಇಳಿಸುತ್ತಿದ್ದರು. ಚಕ್ರವಿಲ್ಲದೆ ಕೈಯಿಂದಲೇ ತಟ್ಟಿ ಎತ್ತಿ, ಸುಡುವುದಕ್ಕೆ ಮುನ್ನ ನುಣುಪಾದ ಬೆಣಚುಕಲ್ಲಿನಿಂದ ತೀಡಿ ಹೊಳಪು ಬರಿಸಿದ ಪಾತ್ರೆ ಅದು. ಆ ತೀಡಿದ ಗೆರೆಗಳು ಓರೆಬೆಳಕಿನಲ್ಲಿ ಹಿಡಿದರೆ ಒಂದರ ಪಕ್ಕದಲ್ಲೊಂದು ಕಾಣಿಸುತ್ತವೆ, ಮಾಡಿದವರ ಕೈ ಯಾವ ಕಡೆಯಿಂದ ಯಾವ ಕಡೆಗೆ ಹೋಯಿತೆಂಬುದನ್ನು ಹೇಳಬಹುದಾದಷ್ಟು ಸ್ಫುಟವಾಗಿ.

ಇಂತಹ ಒಂದು ಮಡಕೆಯಿಂದ ಏನನ್ನು ತಿಳಿಯಬಹುದು, ಏನನ್ನು ತಿಳಿಯಬಾರದು? ಕೂಸಿನ ಹೆಸರನ್ನಾಗಲಿ, ಹೂಳುವಾಗ ಆಡಿದ ಮಾತನ್ನಾಗಲಿ, ಆ ಮಾತಿನ ಭಾಷೆಯನ್ನಾಗಲಿ ಮಡಕೆ ಹೇಳುವುದಿಲ್ಲ. ಅವರು ಮಾತನಾಡಿದುದು ಇಂತಹದೇ ನುಡಿಯೆಂದು ಮಡಕೆಯನ್ನು ಮುಂದೆ ಮಾಡಿ ಸಾಧಿಸಹೊರಟವರನ್ನು ನಾನು ಒಪ್ಪಲಾರೆ. ಆದರೆ ದೂಡಿ ಹಾಕಬಹುದಾಗಿದ್ದ ಒಂದು ಪುಟ್ಟ ಕಳೇಬರಕ್ಕಾಗಿ ಬಳಕೆಯ ಪಾತ್ರೆಯೊಂದನ್ನು ಬಿಟ್ಟುಕೊಟ್ಟರು. ಗಟ್ಟಿ ನೆಲವನ್ನು ಕಲ್ಲಿನ ಸಾಧನದಿಂದ ಅಗೆದರು. ತಾವು ದಿನವೂ ತುಳಿದು ನಡೆಯುವ ಎಡೆಯಲ್ಲಿಯೇ ಅದನ್ನು ಉಳಿಸಿಕೊಂಡರು ಎಂಬಷ್ಟು ನಿಶ್ಚಯ. ಹಲ್ಲು ಬಾರದ ಕೂಸನ್ನು ಸುಡದೆ ಹೂಳುವ ಪದ್ಧತಿ ನಮ್ಮ ಊರುಗಳಲ್ಲಿ ಇಂದಿಗೂ ಇದೆ. ಈ ಎರಡರ ನಡುವೆ ಅಖಂಡವಾದ ಪರಂಪರೆಯಿದೆಯೆಂದು ನಾನು ಹೇಳಹೊರಟಿಲ್ಲ. ಇಷ್ಟು ಎಳೆಯದಕ್ಕೆ ದೊಡ್ಡವರ ವಿಧಿ ಸಲ್ಲದೆಂಬ ಭಾವನೆ ಅಂದಿನ ತಾಯಿಗೂ ಇಂದಿನ ತಾಯಿಗೂ ಸಮಾನವೆಂದು ಮಾತ್ರ ಹೇಳುತ್ತೇನೆ. ಅಶೋಕನ ಶಾಸನವೂ ಸಿಂದರ ಶಾಸನವೂ ನನಗೆ ಕೊಡದ ಈ ಪರಿಚಯವನ್ನು ಒಂದು ಮಣ್ಣಿನ ಪಾತ್ರೆ ಕೊಟ್ಟಿತು.

ತೆಕ್ಕಲಕೋಟೆಯಲ್ಲಿ ಚಿನ್ನದ ಆಭರಣ ದೊರೆತುದನ್ನೂ ತಾಮ್ರದ ವಸ್ತುಗಳು ದೊರೆತುದನ್ನೂ ಹೇಳಲೇಬೇಕು. ಜನರು ಮೊದಲು ಕೇಳುವುದೂ ಅದನ್ನೇ. ಹಟ್ಟಿ, ಮಸ್ಕಿಗಳ ಚಿನ್ನದ ನಿಕ್ಷೇಪಗಳು ಹೊಳೆಯಾಚೆಗೆ ಬಹುದೂರದಲ್ಲಿಲ್ಲ. ಆಳಕ್ಕೆ ಗಣಿ ತೋಡುವುದಕ್ಕೆ ಎಷ್ಟೋ ಮೊದಲು ಹಳ್ಳದ ಮರಳಿನಿಂದಲೂ ಮೇಲ್ಪದರದ ಕಲ್ಲಿನಿಂದಲೂ ಚಿನ್ನ ಆಯುವ ಉಪಾಯ ಇಲ್ಲಿನವರಿಗೆ ತಿಳಿದಿದ್ದಿರಬೇಕು. ಆದರೂ ಈ ಬೆಟ್ಟದ ಅರ್ಥವನ್ನು ತಿಳಿಯಲು ಹುರುಳಿಯ ಕಾಳು ಮಾಡಿದ ಉಪಕಾರದ ಮುಂದೆ ಚಿನ್ನ ಮಾಡಿದುದು ಅಲ್ಪ. ಅದಕ್ಕಿಂತ ಮುಖ್ಯವಾದುದು ಎರಡನೆಯ ಹಂತದ ಪದರಗಳಲ್ಲಿ ಹೊಸದಾಗಿ ಕಾಣಿಸಿಕೊಂಡ ಕೆಂಪುಮೈಯ ಮೇಲೆ ಕಪ್ಪುಗೆರೆಯ ಮಡಕೆ. ಮಹಾರಾಷ್ಟ್ರದ ತಾಮ್ರಶಿಲಾಯುಗದ ಜೋರ್ವೆ ಮಡಕೆಗಳ ಸಾದೃಶ್ಯವನ್ನು ಹೊಂದಿದ ಈ ಪಾತ್ರೆಗಳಿಂದ, ಬೆಟ್ಟದ ಮೇಲಿನ ಜನ ಒಂಟಿಯಾಗಿರಲಿಲ್ಲ, ಭೀಮಾ ಗೋದಾವರಿಗಳ ಕಡೆಯವರೊಡನೆ ಅವರಿಗೆ ಹೋಗಿಬರುವ ಸಂಬಂಧವಿತ್ತೆಂದು ಊಹಿಸಬಹುದಾಗಿದೆ. ಹೊಸ ಮಡಕೆಯೊಡನೆ ಹೊಸ ಸಮಾಧಿಕ್ರಮವೂ ಬಂದುದರಿಂದ, ಸರಕಿನ ಹಿಂದೆ ಮನುಷ್ಯರೂ ಬಂದಿರಬಹುದು. ಸೊಸೆಯಂದಿರಾಗಿಯೋ ದನ ಹೊಡೆದುಕೊಂಡು ಬಂದ ನೆಂಟರಾಗಿಯೋ.

ಇಷ್ಟೆಲ್ಲವನ್ನೂ ಹೇಳಿದ ಮೇಲೆ, ಈ ಸಾಕ್ಷ್ಯದ ಇಂದಿನ ಸ್ಥಿತಿಯನ್ನು ಹೇಳದಿರುವುದು ಕರ್ತವ್ಯಲೋಪವಾದೀತು. ನಮ್ಮ ಕಣಶಿಲೆಯ ಬೆಟ್ಟಗಳು ಕಲ್ಲುಗಣಿಗಾರರ ಕಣ್ಣಿಗೆ ಜಲ್ಲಿಯ ರಾಶಿಗಳು. ಕುಪ್ಪಗಲ್ಲಿನ ಗೂಳಿಚಿತ್ರಗಳಿಗೂ ನಾದಶಿಲೆಗಳಿಗೂ ಕಲ್ಲು ಒಡೆಯುವ ಕೆಲಸದಿಂದ ಒದಗಿದ ಅಪಾಯವನ್ನು ದೇಶವಿದೇಶಗಳ ವಿದ್ವಾಂಸರು ಎರಡು ದಶಕಗಳ ಹಿಂದೆಯೇ ಎತ್ತಿ ಹೇಳಿದ್ದರು. ಬೂದಿದಿಬ್ಬಗಳನ್ನು ಹೊಲಕ್ಕೆ ಗೊಬ್ಬರವೆಂದು ಗಾಡಿಗಳಲ್ಲಿ ಹೇರಿ ಸಾಗಿಸಿದ ಕಡೆಗಳುಂಟು. ಇವೆರಡಕ್ಕಿಂತಲೂ ನನಗೆ ಹೆಚ್ಚು ನೋವುಂಟುಮಾಡುವುದು ನಿಧಿಯ ಆಸೆಯಿಂದ ಅಮಾವಾ‌ಸ್ಯೆಯ ರಾತ್ರಿ ಅಗೆದು ಬಿಟ್ಟ ಗುಂಡಿಗಳು. ಅಲ್ಲಿ ಬಂಗಾರದ ಕೊಪ್ಪರಿಗೆ ಎಂದೂ ಇರಲಿಲ್ಲ. ಇದ್ದುದು ಗೂಟದ ಕುಣಿ, ಒಲೆಯ ಬೂದಿ, ಕೂಸಿನ ಮಡಕೆ. ಹಾರೆಯ ಒಂದು ಮೀಟಿಗೆ ಮೇಲಿನ ಪದರ ಕೆಳಗಾಗಿ ಕೆಳಗಿನದು ಮೇಲಾದ ಕ್ಷಣದಲ್ಲಿ ಆ ಸಾಕ್ಷ್ಯ ಶಾಶ್ವತವಾಗಿ ನಷ್ಟವಾಗುತ್ತದೆ. ಸುಟ್ಟ ತಾಳೆಗರಿಗೆ ಪ್ರತಿ ಇನ್ನೆಲ್ಲಾದರೂ ಸಿಕ್ಕೀತು. ಕಲಕಿದ ಪದರಕ್ಕೆ ಪ್ರತಿಯೆಂಬುದಿಲ್ಲ.

ಕಾನೂನುಗಳು ಇಲ್ಲವೆಂದಲ್ಲ. ಪ್ರಾಚೀನ ಸ್ಮಾರಕಗಳನ್ನೂ ಪುರಾತತ್ತ್ವ ನಿವೇಶನಗಳನ್ನೂ ಕುರಿತ 1961ರ ಅಧಿನಿಯಮವೂ ನಿಧಿನಿಕ್ಷೇಪಗಳನ್ನು ಕುರಿತ 1962ರ ಅಧಿನಿಯಮವೂ ಕರ್ನಾಟಕದಲ್ಲಿ ಜಾರಿಯಲ್ಲಿವೆ. ಆದರೆ ಬೆಟ್ಟದ ಬಂಡೆಬಂಡೆಗೂ ಕಾವಲುಗಾರನನ್ನು ನೇಮಿಸುವುದು ಯಾವ ಸರ್ಕಾರಕ್ಕೂ ಸಾಧ್ಯವಿಲ್ಲ. ಆದ್ದರಿಂದ ಈ ಭಾಗದ ಪ್ರೌಢಶಾಲೆಗಳ ಉಪಾಧ್ಯಾಯರಲ್ಲಿ ನನ್ನದೊಂದು ವಿನಂತಿಯಿದೆ. ಪ್ರತಿಯೊಂದು ಶಾಲೆಯಲ್ಲಿಯೂ ಒಂದು ವಹಿಯನ್ನು ತೆರೆಯಿರಿ. ಉಳುವಾಗಲೋ ಬಾವಿ ತೋಡುವಾಗಲೋ ಮನೆಯ ಪಾಯ ತೆಗೆಯುವಾಗಲೋ ಕಲ್ಲುಗೊಡಲಿ, ಬಣ್ಣ ಬಳಿದ ಬೋಕಿ, ಮಡಕೆಯಲ್ಲಿ ಎಲುಬು ಇಂತಹದೇನಾದರೂ ಕಂಡಿತೆಂದು ಯಾವ ಮಗುವಾದರೂ ಬಂದು ಹೇಳಿದರೆ, ಅದನ್ನು ಎತ್ತಿ ತರಹೇಳದೆ ನೀವೇ ಅಲ್ಲಿಗೆ ಹೋಗಿ ನೋಡಿ. ಯಾರ ಹೊಲ, ಸರ್ವೆ ನಂಬರು ಎಷ್ಟು, ನೆಲಮಟ್ಟದಿಂದ ಎಷ್ಟು ಮೊಳ ಆಳ, ಮಣ್ಣು ಎರೆಯೋ ಮಸಾರಿಯೋ ಬೂದಿಯೋ, ಜೊತೆಯಲ್ಲಿ ಮತ್ತೇನಿತ್ತು ಎಂಬುದನ್ನು ಬರೆದು, ಇದ್ದಂತೆಯೇ ಒಂದು ಚಿತ್ರ ತೆಗೆದು, ತಹಸೀಲ್ದಾರರ ಕಚೇರಿಗೂ ಪುರಾತತ್ತ್ವ ಇಲಾಖೆಗೂ ತಿಳಿಸಿರಿ. ಇಲಾಖೆಯವರು ಬರುವವರೆಗೆ ಮೇಲೆ ಒಂದು ಬುಟ್ಟಿ ಮಣ್ಣು ಮುಚ್ಚಿದ್ದರೆ ಸಾಕು. ತೆಕ್ಕಲಕೋಟೆ, ನಿಟ್ಟೂರು, ಉದೇಗೊಳ, ಕುರುಗೋಡು, ಕುಡತಿನಿ ಈ ಐದು ಊರುಗಳಲ್ಲಿ ಬರುವ ಬೇಸಗೆಯ ಉಳುಮೆಗೆ ಮುಂಚೆ ಈ ವಹಿ ಆರಂಭವಾಗುವುದಾದರೆ, ಅದಕ್ಕೆ ಬೇಕಾದ ನಮೂನೆಯನ್ನು ಸಿದ್ಧಪಡಿಸಿಕೊಡುವ ಹೊಣೆಯನ್ನು ನಾನು ಸಂತೋಷದಿಂದ ವಹಿಸಿಕೊಳ್ಳುತ್ತೇನೆ.